ಹದಿನೇಳನೆಯ ಲೆಕ್ಕದ ಉತ್ತರ

ನನ್ನ ಹೆಂಡತಿ ಸಂಭವನೀಯತೆಯ ಗಣಿತ ಕಲಿತದ್ದು ನನ್ನ ಕಣ್ಣಿನ ದೆಸೆಯಿಂದ. ಬಲ್ಬು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಹನ್ನೊಂದು ವರ್ಷ ಉರಿಯುವ ಬಲ್ಬುಗಳನ್ನೇ ನೋಡಿ ನೋಡಿ ನನ್ನ ಕಣ್ಣು ಸೋತುಹೋಗಿತ್ತು. ಸಣ್ಣ ಅಕ್ಷರ ಓದಿದರೆ ನೀರು ಸುರಿಯುತ್ತಿತ್ತು. ಓದುವುದನ್ನು ಕಡಿಮೆ ಮಾಡಿ ಅಂದರು ಡಾಕ್ಟರು. ಆದರೆ ಅದು ಕಡಿಮೆ ಮಾಡುವ ಕಾಲವಾಗಿರಲಿಲ್ಲ. ನಮ್ಮ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಸಹಾಯಕರ ಹುದ್ದೆ ಒಂದಿತ್ತು. ಎರಡು ಸಲ ಪರೀಕ್ಷೆ ನಡೆಸಿದರೂ ನಾನೂ ಸೇರಿದಂತೆ ಒಬ್ಬರೂ ಪಾಸಾಗದೆ ಆ ಕುರ್ಚಿ ಖಾಲಿಯಾಗಿಯೇ ಉಳಿದಿತ್ತು. ಮೂರನೆಯ ಸಲ ಅದರಲ್ಲಿ ಕೂತೇ ತೀರಬೇಕು ಅಂತ ನಾನು ಹಟ ಹಿಡಿದಿದ್ದೆ.

"ನೀವು ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ, ನಾನು ಓದಿ ಹೇಳ್ತೀನಿ" ಅಂದಳು ಹೆಂಡತಿ.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಅವಳ ಮಿಷನ್ನು, ಅದರ ಪಕ್ಕದಲ್ಲಿ ಗುಂಡಿಗಳ ಡಬ್ಬ. ನಾನು ಕೆಲಸಕ್ಕೆ ಹೊರಡುವ ಮುಂಚೆ, ಬೆಳಿಗ್ಗೆ ಒಂದು ಗಂಟೆ ಅಲ್ಲೇ ನಮ್ಮ ಪಾಠ. ಪುಸ್ತಕ ಲೈಬ್ರರಿಯದು, ಎರಡು ಇಟ್ಟಿಗೆಯಷ್ಟು ದಪ್ಪ, ಬೆನ್ನಿಗೆ ಪಟ್ಟಿ ಅಂಟಿಸಿದ್ದರು. ಪ್ರತಿ ಅಧ್ಯಾಯದ ಕೊನೆಗೆ ಲೆಕ್ಕಗಳು, ಪುಸ್ತಕದ ಕೊನೆಗೆ ಉತ್ತರಗಳು, ಅದೂ ಬೆಸ ಸಂಖ್ಯೆಯ ಲೆಕ್ಕಗಳಿಗೆ ಮಾತ್ರ. ನನ್ನ ಓದುವ ಕ್ರಮವೇ ಬೇರೆ. ಮೊದಲು ಉತ್ತರ ನೋಡುವುದು, ಆಮೇಲೆ ಲೆಕ್ಕವನ್ನು ಹೇಗಾದರೂ ಬಗ್ಗಿಸಿ ಅಲ್ಲಿಗೆ ತಂದು ನಿಲ್ಲಿಸುವುದು. ಸರಿ ಸಂಖ್ಯೆಯ ಲೆಕ್ಕಗಳ ಕಡೆಗೆ ನಾನು ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಮೊದಲ ಎರಡು ವಾರ ಅವಳು ತಲೆಬುಡ ತಿಳಿಯದೆ ಓದಿದಳು. "ವಿಚಲನೆ" ಅನ್ನುವ ಪದ ಬಂದಾಗಲೆಲ್ಲ ನಗುತ್ತಿದ್ದಳು. ಮೂರನೆಯ ವಾರ ಪ್ರಶ್ನೆ ಓದುತ್ತಾ ಓದುತ್ತಾ ನಡುವೆ ನಿಂತು, "ಇದು ಅರ್ಧ ಅಲ್ವಾ?" ಅಂದಳು. ನಾನು ಕಣ್ಣು ಬಿಟ್ಟು ಪುಸ್ತಕದ ಕೊನೆಯ ಉತ್ತರ ನೋಡಿದೆ. ಅರ್ಧವೇ.

"ಕುರುಡು ಅದೃಷ್ಟ" ಅಂದೆ.

ಅದೃಷ್ಟ ದಿನಾ ಬರತೊಡಗಿತು. ನನಗೆ ಕಬ್ಬಿಣದ ಕಡಲೆಯಾದದ್ದು ಅವಳಿಗೆ ನೀರು ಕುಡಿದಷ್ಟು ಸುಲಭ. ಸರಿ ಸಂಖ್ಯೆಯ ಲೆಕ್ಕಗಳನ್ನೂ ಮಾಡುತ್ತಿದ್ದಳು. ಉತ್ತರವೇ ಇಲ್ಲದ ಲೆಕ್ಕ ಮಾಡಿ ಏನು ಸುಖ ಅಂತ ಕೇಳಿದರೆ, "ಸರಿಯಾದಾಗ ಗೊತ್ತಾಗುತ್ತಲ್ಲ ರೀ" ಅನ್ನುವಳು. ನನಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಾಗೆ ಗೊತ್ತಾಗಿರಲಿಲ್ಲ. ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚಾಯಿತು. ಪಕ್ಕದ ಮೇಜಿನವನಿಗೆ ಬಡ್ತಿ ಸಿಕ್ಕಾಗ ಆಗುವಂಥದ್ದಲ್ಲ ಇದು. ಅದು ಮನೆಗೆ ಬಂದು ಉಂಡರೆ ಇಳಿದುಹೋಗುತ್ತದೆ. ಇದು ಮನೆಯಲ್ಲೇ ಇತ್ತು, ನನಗೆ ಬಡಿಸುತ್ತಿತ್ತು.

ಆಗ ಪೇಪರಿನಲ್ಲಿ ಪ್ರಕಟಣೆ ಬಂತು. ಈ ಸಲ ಆ ಹುದ್ದೆಗೆ ಹೊರಗಿನವರೂ ಅರ್ಜಿ ಹಾಕಬಹುದು.

"ನಾನೂ ಹಾಕ್ಲಾ?" ಅಂತ ಕೇಳಿದಳು, ದಾರ ಪೋಣಿಸುತ್ತಾ, ನನ್ನ ಮುಖ ನೋಡದೆ.

"ಹಾಕು, ಯಾರು ಬೇಡ ಅಂದೋರು" ಅಂದೆ. ನಾಲಿಗೆ ಅಂದದ್ದು ಅದು. ಮದುವೆಯಾದ ಮರುವರ್ಷ ಅವಳು ಶಿಕ್ಷಕಿ ತರಬೇತಿಗೆ ಅರ್ಜಿ ಹಾಕಿದ್ದಳು. ಅವಳ ಗೆಳತಿಯರಿಗೆಲ್ಲ ಕರೆಪತ್ರ ಬಂತು, ಇವಳಿಗೆ ಬರಲಿಲ್ಲ. ನಾನೇ ಮೂರು ಸಲ ಪೋಸ್ಟಾಫೀಸಿಗೆ ಹೋಗಿ ವಿಚಾರಿಸಿ ಬರಿಗೈಯಲ್ಲಿ ಬಂದಿದ್ದೆ. ಅಂದು ಅವಳ ಜೊತೆ ನಾನೂ ಸಂಕಟಪಟ್ಟಿದ್ದೆ. ಆಗಿನ ನಾನು ಎಲ್ಲಿ ಹೋದೆನೋ.

ಅವಳು ಅರ್ಜಿಯ ನಮೂನೆ ತಂದು ತುಂಬಿಟ್ಟಳು. ಕೊನೆಯ ದಿನ ಶುಕ್ರವಾರ. ಆ ವಾರದ ಸೋಮವಾರ ಹದಿನೇಳನೆಯ ಲೆಕ್ಕ ಬಂತು.

"ಹತ್ತು ಬಲ್ಬುಗಳ ಪೆಟ್ಟಿಗೆಯಲ್ಲಿ ಮೂರು ಕೆಟ್ಟಿವೆ" ಅಂತ ಓದಿದಳು. "ಒಂದನ್ನು ತೆಗೆದು, ಪರೀಕ್ಷಿಸದೆ, ಪಕ್ಕಕ್ಕಿಡಲಾಗಿದೆ. ಎರಡನೆಯದನ್ನು ತೆಗೆದು ಪರೀಕ್ಷಿಸಿದಾಗ ಅದು ಕೆಟ್ಟಿರುವುದು ತಿಳಿಯಿತು. ಮೊದಲನೆಯದು ಕೆಟ್ಟಿರುವ ಸಂಭವನೀಯತೆ ಎಷ್ಟು?"

"ಹತ್ತರಲ್ಲಿ ಮೂರು" ಅಂದೆ ತಟ್ಟನೆ. ಬಲ್ಬಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಒಂಬತ್ತರಲ್ಲಿ ಎರಡು" ಅಂದಳು. ಡಬ್ಬದಿಂದ ಹತ್ತು ಗುಂಡಿ ತೆಗೆದು ಹರಡಿದಳು, ಅವುಗಳಲ್ಲಿ ಮೂರು ಒಡೆದ ಗುಂಡಿಗಳು. "ನೋಡಿ, ಈ ಒಡೆದದ್ದು ನನ್ನ ಕೈಲಿದೆ ಅಂತ ಗೊತ್ತಾಯ್ತು. ಉಳಿದಿದ್ದು ಒಂಬತ್ತು, ಅದರಲ್ಲಿ ಒಡೆದವು ಎರಡು. ಪಕ್ಕಕ್ಕಿಟ್ಟಿದ್ದು ಈ ಒಂಬತ್ತರಲ್ಲೇ ಒಂದು ತಾನೆ?"

"ಅದನ್ನ ಮೊದ್ಲೇ ತೆಗೆದಾಗಿತ್ತು ಕಣೇ. ಆಮೇಲೆ ತೆಗೆದಿದ್ದು ಮುಂಚೆ ಆಗಿದ್ದನ್ನ ಹೇಗೆ ಬದಲಾಯಿಸುತ್ತೆ?"

"ಬಲ್ಬು ಬದಲಾಗಲ್ಲ. ನಮಗೆ ಗೊತ್ತಿರೋದು ಬದಲಾಗುತ್ತೆ."

ಉತ್ತರಗಳ ಪುಟ ತೆಗೆದಳು. ಹದಿನೇಳು: ಹತ್ತರಲ್ಲಿ ಮೂರು. ಅವಳ ಮುಖ ಸಪ್ಪಗಾಯಿತು. ನನಗೆ ಎದೆಯೊಳಗೆ ಹಾಲು ಕುಡಿದಷ್ಟು ಹಿತವಾಯಿತು. ಮರುಗಳಿಗೆಯೇ ನೆನಪಾಯಿತು: ಪುಸ್ತಕದ ಹಿಂಬದಿಯ ಹೊದಿಕೆಯೊಳಗೆ ಸಿಕ್ಕಿಸಿದ್ದ ಗುಲಾಬಿ ಬಣ್ಣದ ಚೀಟಿಯೊಂದಿತ್ತು. ತಿದ್ದುಪಡಿಗಳು. ಪುಸ್ತಕ ತಂದ ದಿನ ಸುಮ್ಮನೆ ಕಣ್ಣಾಡಿಸಿದ್ದೆ. ಅವಳು ಒಲೆಯ ಹತ್ತಿರ ಹೋದಾಗ ತೆಗೆದು ನೋಡಿದೆ. ಹದಿನೇಳನೆಯ ಲೆಕ್ಕ: ಹತ್ತರಲ್ಲಿ ಮೂರು ಎಂಬುದನ್ನು ಒಂಬತ್ತರಲ್ಲಿ ಎರಡು ಎಂದು ಓದಿಕೊಳ್ಳಿ.

ಓದಿಕೊಂಡೆ. ಮಡಚಿ, ಕಾರ್ಖಾನೆಯ ಗುರುತಿನ ಕಾರ್ಡಿನ ಹಿಂದೆ ತುರುಕಿ, ಕೆಲಸಕ್ಕೆ ಹೋದೆ.

ನಾಲ್ಕು ದಿನ ಅವಳು ಆ ಲೆಕ್ಕವನ್ನು ಬಿಡಲಿಲ್ಲ. ಹೊಲಿಗೆ ನಿಲ್ಲಿಸಿ ಗುಂಡಿ ಹರಡುವಳು, ಕೂಡಿಸುವಳು, ಮತ್ತೆ ಹರಡುವಳು. ಪ್ರತಿ ಸಲವೂ ಒಂಬತ್ತರಲ್ಲಿ ಎರಡೇ.

"ಪುಸ್ತಕದಲ್ಲೇ ತಪ್ಪಿರಬಹುದಾ?" ಅಂತ ಬುಧವಾರ ಕೇಳಿದಳು.

"ಹೌದೌದು, ಬರೆದ ಪ್ರೊಫೆಸರು ದಡ್ಡ, ಗುಂಡಿ ಹಾಕೋಳು ನೀನು ಜಾಣೆ" ಅಂದೆ.

ಅವಳು ಮತ್ತೆ ಕೇಳಲಿಲ್ಲ. ಶುಕ್ರವಾರ ಬೆಳಿಗ್ಗೆ, "ಇಷ್ಟು ಸಣ್ಣದು ನಂಗೆ ಅರ್ಥ ಆಗಿಲ್ಲ ಅಂದ್ರೆ ಇಷ್ಟು ದಿನ ಬೇರೆಲ್ಲ ಹೇಗೋ ಹೊಂದಿಕೊಂಡಿರಬೇಕು. ಬುಡವೇ ಸರಿಯಿಲ್ಲ" ಅಂದಳು. ಸಂಜೆ ನಾನು ಬಂದಾಗ ಅರ್ಜಿಯ ಹಾಳೆಯನ್ನು ಯಾರದೋ ಮಗುವಿನ ಅಂಗಿಯ ಕಾಲರಿನ ಅಳತೆಗೆ ಕತ್ತರಿಸಿಯಾಗಿತ್ತು. ಬಟ್ಟೆಯ ಮೇಲೆ ಅದನ್ನಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಅವಳ ಹೆಸರಿನ ಅರ್ಧ ಕಾಣುತ್ತಿತ್ತು.

ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂತು. ಆದರೆ ಬಲ್ಬುಗಳು ಹನ್ನೆರಡು, ಕೆಟ್ಟವು ನಾಲ್ಕು. ನನ್ನ ಕಾರ್ಡಿನ ಹಿಂದಿದ್ದ ಉತ್ತರ ಯಾವ ಕೆಲಸಕ್ಕೂ ಬರಲಿಲ್ಲ. ಉತ್ತರ ನನ್ನ ಹತ್ತಿರವಿತ್ತು, ದಾರಿ ಅವಳ ಹತ್ತಿರವಿತ್ತು. ಹನ್ನೆರಡರಲ್ಲಿ ನಾಲ್ಕು ಅಂತ ಬರೆದು ಎದ್ದು ಬಂದೆ.

ಮನೆಯಲ್ಲಿ ಕೇಳಿದಳು, ಹೇಳಿದೆ. ನಾನು ಚಪ್ಪಲಿ ಬಿಡುವಷ್ಟರಲ್ಲಿ, "ಹನ್ನೊಂದರಲ್ಲಿ ಮೂ..." ಅಂದವಳು ತಡೆದುಕೊಂಡಳು. "ಅಲ್ಲ, ಪುಸ್ತಕದ ಪ್ರಕಾರ ನೀವು ಬರೆದಿದ್ದೇ ಸರಿ."

ಆಗಲಾದರೂ ನಾಚಿಕೆಯಾಗಬೇಕಿತ್ತು. ನನಗಾದದ್ದು ಹೊಟ್ಟೆಯುರಿ: ಇವಳಿಗೆ ಚಪ್ಪಲಿ ಬಿಡುವಷ್ಟು ಹೊತ್ತೂ ಬೇಡವಲ್ಲ ಅಂತ.

ಎರಡು ದಿನ ಬಿಟ್ಟು ನನಗೆ ರಜೆಯಿತ್ತು. ಪುಸ್ತಕ ವಾಪಸು ಕೊಡಲು ಅವಳು ಲೈಬ್ರರಿಗೆ ಹೋದಳು. ಬಂದವಳ ಮುಖ ನಾನು ಎಂದೂ ನೋಡದಷ್ಟು ಅರಳಿತ್ತು. ಬಾಗಿಲಲ್ಲೇ ನಿಂತು ಹೇಳಿದಳು:

"ನಂದೇ ಸರಿ ಇತ್ತು ರೀ. ಲೈಬ್ರರಿಯವರು ಪುಸ್ತಕದೊಳಗೆ ಒಂದು ಚೀಟಿ ಇರಬೇಕಿತ್ತು, ಎಲ್ಲಿ ಅಂದ್ರು. ನಂಗೆ ಗೊತ್ತಿಲ್ಲ ಅಂದೆ. ಇಂಥದ್ದು ಅಂತ ಇನ್ನೊಂದು ಪ್ರತಿಯಲ್ಲಿರೋದನ್ನ ತೋರಿಸಿದ್ರು. ಒಂಬತ್ತರಲ್ಲಿ ಎರಡೇ."

ಆ ಸಂತೋಷದಲ್ಲಿ ನನಗೆ ಪಾಲಿರಲಿಲ್ಲ. ಅದರ ಮೇಲೂ ಕಣ್ಣು ಹಾಕಿದೆ. ಅವಳು ಚೀಲ ಕೆಳಗಿಟ್ಟಳು, ನೀರು ಕುಡಿದಳು. ಲೋಟ ಇಡುವ ಹೊತ್ತಿಗೆ ಮುಖ ಬೇರೆಯಾಗಿತ್ತು.

"ನಿಮಗೆ ಪುಸ್ತಕ ಕೊಡೋ ದಿನ ಆ ಚೀಟಿನ ಅವರೇ ನೋಡಿ ಒಳಗಿಟ್ಟಿದ್ರಂತೆ" ಅಂದಳು.

ಸುಳ್ಳು ಹೇಳಬಹುದಿತ್ತು. ಕೈ ತಾನಾಗಿ ಗೂಟದಲ್ಲಿ ನೇತುಹಾಕಿದ್ದ ಗುರುತಿನ ಕಾರ್ಡಿಗೆ ಹೋಯಿತು. ಚೀಟಿ ನನ್ನ ಬೆವರಿಗೆ ಬಣ್ಣ ಬಿಟ್ಟಿತ್ತು. ಅವಳು ಅದನ್ನು ಬಿಡಿಸಿ, ಮಿಷನ್ನಿನ ಮೇಲಿಟ್ಟು, ಬೆರಳಿಂದ ಮಡಿಕೆಗಳನ್ನು ಸರಿಮಾಡಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ.

ಆಮೇಲೆ ಡಬ್ಬದಿಂದ ಒಂದು ಒಡೆದ ಗುಂಡಿ ತೆಗೆದು ಚೀಟಿಯ ಮೇಲಿಟ್ಟಳು.

"ಬಲ್ಬುಗಳಲ್ಲಿ ಒಂದು ವಿಚಿತ್ರ ಇದೆ ನೋಡಿ. ಎರಡನೇದು ಕೆಟ್ಟಿದೆ ಅಂತ ಗೊತ್ತಾದ್ರೆ ಮೊದಲನೇದರ ಮೇಲಿನ ಅನುಮಾನ ಕಮ್ಮಿ ಆಗುತ್ತೆ. ಹತ್ತರಲ್ಲಿ ಮೂರು ಇದ್ದಿದ್ದು ಒಂಬತ್ತರಲ್ಲಿ ಎರಡಾಗುತ್ತೆ. ಮನುಷ್ಯರಲ್ಲಿ ಹಾಗಲ್ಲ."

ಗುಂಡಿಯನ್ನು ಬೆರಳಿಂದ ಪಕ್ಕಕ್ಕೆ ಸರಿಸಿದಳು.

"ಆ ತರಬೇತಿಯ ಪತ್ರ" ಅಂದಳು. "ಅದು ನಿಜವಾಗ್ಲೂ ಬಂದಿರಲಿಲ್ವಾ?"

"ಬಂದಿರಲಿಲ್ಲ ಕಣೇ" ಅಂದೆ. "ನಿನ್ನಾಣೆ, ಬಂದಿರಲಿಲ್ಲ. ಮೂರು ಸಲ ಹೋಗಿ ಕೇಳಿದ್ದೆನಲ್ಲ."

"ಹೋಗಿದ್ದು ನೀವೊಬ್ಬರೇ ಅಲ್ವಾ" ಅಂದಳು.

ಆ ಪತ್ರ ನಿಜವಾಗಿಯೂ ಬಂದಿರಲಿಲ್ಲ. ಆದರೆ ಅದನ್ನು ತೋರಿಸುವ ಚೀಟಿ ಯಾವ ಪುಸ್ತಕದಲ್ಲೂ ಇಲ್ಲ. ಅವಳು ತಲೆಯಾಡಿಸಿ, ಅರ್ಧ ಹೊಲಿದ ಅಂಗಿಯನ್ನು ಸೂಜಿಯ ಕೆಳಗೆ ಸರಿಸಿ ಮಿಷನ್ನು ತುಳಿಯತೊಡಗಿದಳು. ಎಷ್ಟರಲ್ಲಿ ಎಷ್ಟು ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತಾಳೆ, ಅವಳಿಗೆ ಅದಕ್ಕೆ ಹೊತ್ತು ಬೇಕಾಗಿಲ್ಲ. ಇವತ್ತಿನವರೆಗೂ ನನಗೆ ಹೇಳಿಲ್ಲ.