ಆ ಹೋರಿಯ ಮಗಳು

"ಈ ಕಡೆ ಒಬ್ರು ಕೈ ಹಾಕ್ರಪ್ಪಾ! ನಮ್ಮ ಅದಲುಬದಲು ಸತ್ತ ಮೇಲೆ ಭಾರ ಆಗ್ಬಿಟ್ಟಿದ್ದಾನೆ," ಎಂದ ಹಾಲಿನ ವ್ಯಾನಿನ ಡ್ರೈವರು, ಅಳುತ್ತಲೇ.

ಹಸುಗಳಿಗೆ ವೀರ್ಯ ಒದಗಿಸುವ ಹೋರಿ ಕೇಂದ್ರದ ಡಾಕ್ಟರು ಮುಂದೆ ಬಂದು ಹೆಗಲು ಕೊಟ್ಟರು. ಸತ್ತವನು ಅವರ ಕೈಕೆಳಗೆ ದುಡಿದ ಸಹಾಯಕ. ಜನ ಪ್ರೀತಿಯಿಂದಲೇ ಅವನನ್ನು ‘ಅದಲುಬದಲು’ ಎಂದು ಕರೆಯುತ್ತಿದ್ದರು ಪಾಪ. ಕರೆದೂ ಕರೆದೂ ಅವನ ಅಸಲು ಹೆಸರೇ ಮರೆತುಹೋಗಿತ್ತು. ಡಾಕ್ಟರಿಗೆ ಮಾತ್ರ ಅದು ಕಿವಿಗೆ ಬಿದ್ದಾಗಲೆಲ್ಲ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತಿತ್ತು.

"ಡಾಕ್ಟ್ರೇ, ಹೊರಡೋ ಮುಂಚೆ ನೀವೇ ಎರಡು ಮಾತು ಹೇಳಿ," ಎಂದ ಡ್ರೈವರು.

ಇವತ್ತಾದರೂ ನಿಜ ಹೇಳಿಬಿಡಬೇಕು ಎಂದುಕೊಂಡೇ ಡಾಕ್ಟರು ಮನೆಯಿಂದ ಹೊರಟಿದ್ದರು.

*

ಎಂಟು ವರ್ಷದ ಹಿಂದೆ ಕೇಂದ್ರಕ್ಕೆ ಬಂದ ಹೊಸ ಹೋರಿಯೊಂದರ ಮೈಕಟ್ಟು ನೋಡಿ ಡಾಕ್ಟರು ಮರುಳಾಗಿದ್ದರು.

"ಹೋರಿ ಹಾಲು ಕೊಡಲ್ಲ ಸಾರ್," ಎಂದಿದ್ದ ಸಹಾಯಕ. "ಅದರ ಹೆಣ್ಣುಕರುಗಳು ಹಾಲಿಗೆ ಬರ್ಲಿ. ಕೆಚ್ಚಲು ನೋಡಿ ಆಮೇಲೆ ಇದರ ವೀರ್ಯ ಎಲ್ಲರಿಗೂ ಕೊಡೋಣ."

"ಅಲ್ಲೀವರೆಗೆ ಕಾದು ಕೂತ್ರೆ ಆಯ್ತು ಬಿಡು!" ಎಂದು ಡಾಕ್ಟರು ಅದರ ವೀರ್ಯ ಊರಿಗೆಲ್ಲ ಹಂಚಿಸಿದರು.

ಮೂರೂವರೆ ವರ್ಷಕ್ಕೆ ಆ ಹೋರಿಯ ಹೆಣ್ಣುಕರುಗಳು ಬೆಳೆದು ಕರು ಹಾಕಿದವು. ಎಷ್ಟೋ ಹಸುಗಳಿಗೆ ಒಂದು ತೊಟ್ಟಿನಲ್ಲಿ ಹಾಲೇ ಇಳಿಯಲಿಲ್ಲ. ದನ ಸಾಕುವವರೆಲ್ಲ ಕೇಂದ್ರಕ್ಕೆ ನುಗ್ಗಿದರು. "ನಾನು ಆರಿಸಿದ ಹೋರಿ ಸರಿಯಾಗೇ ಇತ್ತು. ಇವನೇ ವೀರ್ಯ ತುಂಬಿದ ಕಡ್ಡಿಗಳನ್ನ ಅದಲುಬದಲು ಮಾಡಿದ್ದಾನೆ," ಎಂದುಬಿಟ್ಟರು ಡಾಕ್ಟರು.

ಸಹಾಯಕ ತಲೆಯೆತ್ತಿ ಒಮ್ಮೆ ಅವರನ್ನು ನೋಡಿದ. "ಆಗಿರಬಹುದು," ಎಂದ.

*

ಎಲ್ಲರೂ ಕಾಯುತ್ತಿದ್ದರು. ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಒಳ್ಳೇ ಕೆಲಸಗಾರ," ಎಂದರು. ಮುಂದಿನ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕಚ್ಚಿಕೊಂಡಿತು. ಥೂ, ಎಂಥ ಬಾಳು ತನ್ನದು!

ವ್ಯಾನು ಹೊರಟಿತು. ಡಾಕ್ಟರು ಮಾತ್ರ ಅಲ್ಲೇ ಉಳಿದರು. ಸಹಾಯಕನ ಮನೆಯ ಕೊಟ್ಟಿಗೆಯಲ್ಲಿ ಹಸುವೊಂದು ಕೂಗತೊಡಗಿತು.

"ಬೆಳಗ್ಗೆಯಿಂದ ಹಾಲು ಕರೆದಿಲ್ಲ," ಎಂದಳು ಸಹಾಯಕನ ಹೆಂಡತಿ. "ಆ ಹೋರಿ ಮಗಳೇ ಇವಳು. ಯಾರೂ ಬೇಡ ಅಂದ್ರು ಅಂತ ಇವರು ಹಿಡಕೊಂಡು ಬಂದ್ರು."

"ನನ್ನ ಬಗ್ಗೆ... ಏನಾದ್ರೂ ಹೇಳಿದ್ನೇನಮ್ಮ?"

"ಹ್ಞೂಂ. ಡಾಕ್ಟ್ರು ಹೊಸದಾಗಿ ಮೇಲಕ್ಕೆ ಬಂದಿದ್ದಾರೆ ಪಾಪ, ಅವರ ಹೆಸರು ಕೆಡಬಾರ್ದು, ನನಗೇನು, ಒಂದು ಅಡ್ಡಹೆಸರು ತಾನೇ, ಅಂದಿದ್ರು."

ಡಾಕ್ಟರು ಚೊಂಬು ತೆಗೆದುಕೊಂಡು ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮೂರು ತೊಟ್ಟಿನ ಹಾಲು ಮುಗಿಯಿತು. ಆಮೇಲೆ ನಾಲ್ಕನೆಯದಕ್ಕೆ ಕೈಹಾಕಿ ಹಿಂಡಿದರು. ಏನೂ ಬರಲಿಲ್ಲ. ಹಸು ತಿರುಗಿ ನೋಡಿತು. ಅವರು ಹಿಂಡುತ್ತಲೇ ಇದ್ದರು.