ಅಕ್ಕನ ಜಡ್ಡಿನ ಹೆಸರು

“ನಿಮ್ಮ ತವರಮನ್ಯಾಗ ಯಾರಿಗರೆ ಎದಿಯಾಗ ಗಂಟ ಆಗಿತ್ತೇನ್ರಿ? ತಾಯಿಗೆ, ಅಕ್ಕ-ತಂಗ್ಯಾರಿಗೆ?” ಎಂದು ಡಾಕ್ಟರಬಾಯಿ ಕೇಳಿದಾಗ, ಸೋನಾಬಾಯಿ ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಲ್ಲಿದ್ದ ಅವಳ ಗಂಡ ರಾವಸಾಹೇಬ “ಇಲ್ರಿ, ಯಾರಿಗೂ ಇಲ್ರಿ” ಎಂದುಬಿಟ್ಟ. ಡಾಕ್ಟರಬಾಯಿ ತಲೆಯಾಡಿಸಿ ಚೀಟಿಯ ಮೇಲೆ ಗುಳಿಗೆಯ ಹೆಸರು ಬರೆಯತೊಡಗಿದಳು.

ಆ ಗುಳಿಗೆಗಾಗಿಯೇ ಸೋನಾಬಾಯಿ ಕಾಗವಾಡದಿಂದ ಮಿರಜಿಗೆ ಬಂದಿದ್ದಳು. ಮುಟ್ಟು ನಿಂತು ವರ್ಷ ದಾಟಿತ್ತು. ಅಂದಿನಿಂದ ಹೊತ್ತುಗೊತ್ತಿಲ್ಲದೆ ಎದೆಯಿಂದ ಒಂದು ಉರಿ ಎದ್ದು, ಕೊರಳು ಹತ್ತಿ, ಮುಖವನ್ನೆಲ್ಲ ಕೆಂಡ ಮಾಡಿ, ಬೆವರಾಗಿ ಇಳಿದುಹೋಗುತ್ತಿತ್ತು. ನಿದ್ದೆಯಂತೂ ಚಿಂದಿಯಾಗಿತ್ತು. ದ್ರಾಕ್ಷಿ ತೋಟದ ಯಜಮಾನಿಕೆ ಅವಳದೇ. ಬಳ್ಳಿ ಕತ್ತರಿಸುವುದು ಯಾವಾಗ, ಔಷಧ ಹೊಡೆಯುವುದು ಎಷ್ಟು, ಸಾಂಗಲಿಯ ವ್ಯಾಪಾರಿಗೆ ಯಾವ ದರ, ಎಲ್ಲವನ್ನೂ ಅವಳೇ ನಿಂತು ಮುಗಿಸುವವಳು. ಹೋದ ಹಂಗಾಮಿನಲ್ಲಿ ದರದ ಮಾತು ನಡೆದಿದ್ದಾಗ ಅವಳ ಮುಖ ಕೆಂಪೇರಿದ್ದನ್ನು ಕಂಡು, ಸಿಟ್ಟಾದಳೆಂದು ಬಗೆದ ವ್ಯಾಪಾರಿ ತಾನಾಗಿಯೇ ದರ ಏರಿಸಿದ್ದ. ಅದನ್ನು ಹೇಳಿಕೊಂಡು ನಕ್ಕಿದ್ದಳು. ಈ ವರ್ಷ ಆಳುಗಳ ಮುಂದೆ ಮಾತು ಅರ್ಧಕ್ಕೇ ಮರೆತು ನಿಂತಾಗ ಮಾತ್ರ ನಗು ಬರಲಿಲ್ಲ. ಮೈದುನ ಮುರಗೆಪ್ಪ, ಗಾಳಿ ಸೋಕಿದೆ, ತಾಯತ ಕಟ್ಟಿಸೋಣ, ತೋಟ ಇನ್ನು ತನಗೆ ಬಿಡಲಿ ಎಂದ. ಉರಿ ತನಗೆ ಬಂದರೆ ತೋಟ ಅವನಿಗೇಕೆ ಎಂದು ಕೇಳಿ ಅವಳು ಅವನ ಬಾಯಿ ಮುಚ್ಚಿಸಿದಳು. ನೆರೆಮನೆಯ ಅಕ್ಕುತಾಯಿ ಇದೇ ಡಾಕ್ಟರಬಾಯಿಯ ಗುಳಿಗೆ ನುಂಗಿ ಕೂಸಿನಂತೆ ನಿದ್ದೆ ಹೋಗುತ್ತಿದ್ದಳು.

ಅದೇ ಗುಳಿಗೆ ಈಗ ಕೈಗೆ ಬರುವುದರಲ್ಲಿತ್ತು. ಸೋನಾಬಾಯಿಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ. ಅವನು ಆಡಿದ್ದು ರೂಢಿಯ ಮಾತು. ಅವಳ ಅಕ್ಕ ಚನ್ನವ್ವ ಎದೆಯ ಗಂಟು ಹುಣ್ಣಾಗಿ ದವಾಖಾನೆಯಲ್ಲಿ ತೀರಿಕೊಂಡು ಬಹಳ ವರ್ಷವಾಗಿತ್ತು. ಊರಿಗೆಲ್ಲ ಕಾಮಾಲೆಯೆಂದು ಹೇಳಿದ್ದರು. ಚನ್ನವ್ವನ ಒಬ್ಬಳೇ ಮಗಳು ಸಕ್ಕುಬಾಯಿಯ ಲಗ್ನ ಆಗಬೇಕಿತ್ತು; ತಾಯಿಯ ಜಡ್ಡು ಮಗಳಿಗೂ ಬಂದೀತೆಂದು ಗಂಡಿನವರು ಹಿಂಜರಿಯುವ ಭಯವಿತ್ತು. ಆ ಹುಡುಗಿಗೂ ನಿಜ ತಿಳಿಸಲಿಲ್ಲ. ತೆಲಸಂಗದ ಬೀಗರಿಗೆ ಕಾಮಾಲೆಯೆಂದು ಮಾತು ಕೊಟ್ಟವನು ರಾವಸಾಹೇಬನೇ. ಹೇಳಿ ಹೇಳಿ ಅವನೇ ಅದನ್ನು ನಂಬಿದ್ದ.

“ಬರೀಬ್ಯಾಡ್ರಿ,” ಎಂದಳು ಸೋನಾಬಾಯಿ. “ನಮ್ಮಕ್ಕಗ ಆಗಿತ್ರಿ. ನಲವತ್ತ ತುಂಬೂದ್ರಾಗ ಹೋದ್ಲು. ಹುಣ್ಣ ತೊಳದಾಕಿ ನಾನ.”

ರಾವಸಾಹೇಬ ಗೋಡೆಯ ಕಡೆ ಮುಖ ತಿರುಗಿಸಿದ. ಡಾಕ್ಟರಬಾಯಿ ಪೆನ್ನು ಕೆಳಗಿಟ್ಟು ಬಿಡಿಸಿ ಹೇಳಿದಳು. ಮುಟ್ಟು ನಿಂತ ಮೇಲೆ ಮೈಯಲ್ಲಿ ಕಡಿಮೆಯಾಗುವ ಹಾರ್ಮೋನನ್ನೇ ಗುಳಿಗೆಯಾಗಿ ಕೊಡುವುದು. ಉರಿ ತಗ್ಗುತ್ತದೆ, ನಿದ್ದೆ ಬರುತ್ತದೆ, ಎಲುಬಿಗೂ ಒಳ್ಳೆಯದು. ಬಹಳ ವರ್ಷ ನುಂಗಿದರೆ ಎದೆಗಂಟಿನ ಭಯ ಹೆಚ್ಚೆಂದು ಕೆಲವು ಡಾಕ್ಟರರು ಹೇಳುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಡಹುಟ್ಟಿದವಳಿಗೇ ಆಗಿತ್ತೆಂದ ಮೇಲೆ ಬರೆದುಕೊಡಲು ತನಗೆ ಧೈರ್ಯ ಸಾಲದು. ಬೇಕೇ ಬೇಕೆಂದರೆ ಸ್ವಲ್ಪ ಕಾಲ ಕೊಟ್ಟು ಮೇಲಿಂದ ಮೇಲೆ ತಪಾಸಣೆ ಮಾಡಬಹುದು. ನುಂಗದಿದ್ದರೂ ಉರಿ ತಾನಾಗಿ ಇಳಿಯುತ್ತದೆ, ಯಾವಾಗ ಎಂದು ಮಾತ್ರ ಹೇಳಲಾಗದು.

ಸೋನಾಬಾಯಿ ಮನಸ್ಸಿನಲ್ಲೇ ತೂಗಿ ನೋಡಿದಳು. ದ್ರಾಕ್ಷಿ ಗೊಂಚಲುಗಳನ್ನು ಅವಳೂ ವರ್ಷ ವರ್ಷ ಹಾರ್ಮೋನಿನ ನೀರಿನಲ್ಲಿ ಅದ್ದಿಸುತ್ತಿದ್ದಳು. ಕಾಯಿ ಉಬ್ಬುವುದನ್ನು ಕಣ್ಣಾರೆ ಕಂಡವಳು. ಔಷಧವೆಂದರೆ ಅಂಜಿಕೆಯಿರಲಿಲ್ಲ. ಎಲ್ಲ ಬಳ್ಳಿಗೂ ಒಂದೇ ಅಳತೆ ನಡೆಯದೆಂಬುದೂ ಗೊತ್ತಿತ್ತು.

“ಅಕ್ಕುತಾಯಿಗೆ ಹೊಂದೇತಿ, ಆಕಿ ತಗೊಳ್ಳಿ. ನನಗ ಬ್ಯಾಡ್ರಿ. ಈ ಉರಿ ಬರತೈತಿ, ಹೋಗತೈತಿ. ಅಕ್ಕನ ಉರಿ ಹೋಗಲಿಲ್ಲ.”

ಡಾಕ್ಟರಬಾಯಿ ಪರದೆಯ ಹಿಂದೆ ಕರೆದೊಯ್ದು ಪರೀಕ್ಷಿಸಿದಳು. ಗಂಟಿರಲಿಲ್ಲ. ತಿಂಗಳಿಗೊಮ್ಮೆ ತಾನೇ ಮುಟ್ಟಿ ನೋಡಿಕೊಳ್ಳುವುದನ್ನು ಕಲಿಸಿದಳು. ಚಹಾ, ಖಾರ ಕಡಿಮೆ ಮಾಡು, ಸಡಿಲ ಅರಿವೆ ಉಡು, ಹಾಲು ಬಿಡಬೇಡ, ನಡೆದಾಡು ಎಂದಳು. ಅಕ್ಕನ ಮಗಳನ್ನೂ ಒಮ್ಮೆ ಕರೆತರಲು ಹೇಳಿದಳು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತ ರಾವಸಾಹೇಬ, “ಬೀಗರಿಗೆ ಏನ ಹೇಳೂದು? ಮಾತ ಕೊಟ್ಟಾಂವ ನಾ,” ಎಂದ.

“ನೀವೇನೂ ಹೇಳಬ್ಯಾಡ್ರಿ. ನಾ ಹೇಳತೀನಿ. ಲಗ್ನ ಆಗಿ ಮಕ್ಕಳಾಗ್ಯಾವ, ಇನ್ನ ಯಾರಿಗಂಜಿ ಮುಚ್ಚಿಡೂದು?”

ಮರುದಿನವೇ ಅವಳು ತೆಲಸಂಗಕ್ಕೆ ಹೋದಳು. ಸಕ್ಕುಬಾಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಅವಳ ಅತ್ತೆ ತಾರವ್ವ ಕಟ್ಟೆಯ ಮೇಲಿದ್ದಳು. ಸೋನಾಬಾಯಿ ಅತ್ತೆಯನ್ನು ಒಳಗೆ ಕಳಿಸದೆ, ದನಿ ತಗ್ಗಿಸದೆ, ಇಬ್ಬರಿಗೂ ಕೇಳುವಂತೆ ಎಲ್ಲವನ್ನೂ ಹೇಳಿದಳು.

“ಹಂಗಾರ ಅವ್ವಗ ಕಾಮಾಲಿ ಆಗಿರಲಿಲ್ಲೇನ ಚಿಗವ್ವ?” ಎಂದಳು ಸಕ್ಕುಬಾಯಿ.

“ಇಲ್ಲ, ಮಗಳ.”

ತಾರವ್ವ ಕಟ್ಟೆಯಿಂದಿಳಿದು ಸೊಸೆಯ ಹತ್ತಿರ ಬಂದಳು. ಆಮೇಲೆ, “ನಮಗ ಸುಳ್ಳ ಹೇಳಿದ್ರಿ, ಅದು ಬ್ಯಾರೆ ಮಾತ,” ಎಂದು ಸೋನಾಬಾಯಿಗೆ ಹೇಳಿ, ಸಕ್ಕುಬಾಯಿಯ ಕಡೆ ತಿರುಗಿದಳು. “ನಾಳೆ ಎಮ್ಮಿ ನಾ ಹಿಂಡತೀನಿ. ನೀ ಚಿಗವ್ವನ ಕೂಡ ಹೋಗಿ ತೋರಿಸ್ಕೊಂಡ ಬಾ.”

ಅಷ್ಟರಲ್ಲಿ ಸೋನಾಬಾಯಿಗೆ ಉರಿ ಎದ್ದಿತು. ಅವಳು ಸೆರಗು ಸಡಿಲಿಸಿ, ಗೋಡೆಗೆ ಒರಗಿ, ಅದು ಕೊರಳು ಹತ್ತಿ ಹಣೆಗೆ ಬರುವುದನ್ನು ಕಣ್ಣು ಮುಚ್ಚಿ ಕಾದಳು. ಸಕ್ಕುಬಾಯಿ ಮೊರದ ಜೋಳವನ್ನು ರಾಶಿಗೆ ಸುರಿದು, ಖಾಲಿ ಮೊರವನ್ನು ಎರಡೂ ಕೈಯಲ್ಲಿ ಹಿಡಿದು, ಚಿಗವ್ವನ ಮಗ್ಗುಲಿಗೆ ಕುಳಿತು ಮೆಲ್ಲಗೆ ಗಾಳಿ ಬೀಸತೊಡಗಿದಳು. ಜೋಳದ ಹೊಟ್ಟು ಅಂಗಳದ ತುಂಬ ಹಾರಿತು.