ನಮ್ಮ ಹದಿನೈದು ದಿನ

“ಹದಿನಾಲ್ಕ ಆಗ್ತಾವ್ರಿ ಟೀಚರ್. ಹದಿನೈದ ಆಗೂದಿಲ್ಲ,” ಎಂದು ಧನರಾಜ ಗೋಡೆಯ ಕ್ಯಾಲೆಂಡರಿಗೆ ಪೆನ್ನಿನ ತುದಿ ಊರುತ್ತ ಮತ್ತೊಮ್ಮೆ ಎಣಿಸಿದ.

ಸೂಗಮ್ಮ ಅವನ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತನ್ನ ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿದ್ದಳು. ಇವತ್ತು ಗುರುವಾರ, ನವೆಂಬರ್ ಹದಿನಾರು, ಒಂದು. ಹದಿನೇಳು, ಎರಡು. ಹಡಗು ಮುಂಬೈ ಬಿಡುವುದು ಮೂವತ್ತಕ್ಕೆ, ಅದೂ ಗುರುವಾರವೇ. ಮೂವತ್ತಕ್ಕೆ ಬಂದು ನಿಂತಾಗ ಹದಿನೈದೇ ಆಗುತ್ತಿತ್ತು. ಎರಡನೆಯ ಸಲವೂ ಹದಿನೈದೇ ಆಯಿತು.

“ಇವತ್ತಿಂದು ಹಿಡಿಯೂದಿಲ್ಲೇನು?”

“ನಾವು ಹಿಡೀತೀವ್ರಿ. ಕಂಪ್ಯೂಟರ್ ಹಿಡಿಯೂದಿಲ್ಲ.”

ಗುರುವಾರದಿಂದ ಗುರುವಾರಕ್ಕೆ ಎಂಟು ದಿನ, ಅದರ ಮುಂದಿನ ಗುರುವಾರಕ್ಕೆ ಹದಿನೈದು. ಹುಟ್ಟಿದಾಗಿನಿಂದ ಅವಳು ಹೀಗೆಯೇ ಕೇಳಿದ್ದು, ಹೀಗೆಯೇ ಹೇಳಿದ್ದು. ಸೋಮವಾರ ತವರಿಗೆ ಹೋದವಳು ಹದಿನೈದು ದಿನಕ್ಕೆ ಬರುತ್ತೇನೆಂದರೆ ಸೋಮವಾರವೇ ಬರುತ್ತಿದ್ದಳು. ಮೊನ್ನೆ ಮಂಗಳವಾರ ಧನರಾಜ ಫೋನಿನಲ್ಲಿ, ಹದಿನೈದು ದಿನ ಮೊದಲು ಬಂದು ಹೇಳಿದರೆ ಸಾಕು, ತಾರೀಖು ಪುಕ್ಕಟೆ ಬದಲಾಗುತ್ತದೆ ಎಂದಾಗ, ಹಾಗಾದರೆ ಗುರುವಾರದವರೆಗೆ ವೇಳೆ ಇದೆ ಎಂದು ಅವಳು ನಿಶ್ಚಿಂತಳಾಗಿದ್ದಳು. ಬುಧವಾರ ಇಡೀ ದಿನ ಇದೇ ಹುಮನಾಬಾದಿನಲ್ಲಿ, ಈ ಅಂಗಡಿಯಿಂದ ಕೂಗಳತೆಯ ದವಾಖಾನೆಯಲ್ಲಿ ಗೆಳತಿ ದ್ರೌಪತಿಯ ಜೊತೆ ಕೂತಿದ್ದಳು. ಎದ್ದು ಬಂದಿದ್ದರೆ ಐದು ನಿಮಿಷದ ಕೆಲಸ. ಇವತ್ತು ಬಸವಕಲ್ಯಾಣದಿಂದ ಹೊರಟವಳು ಬಸ್ಸಿನಲ್ಲಿ ನಿದ್ದೆ ಬೇರೆ ಮಾಡಿದ್ದಳು. ಮೂವತ್ತೊಂದು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು. ದಿನ ಎಣಿಸುವ ಲೆಕ್ಕದಲ್ಲಿ ಮೊದಲ ದಿನ ಬಿಡಬೇಕೋ ಹಿಡಿಯಬೇಕೋ ನೋಡಿಕೊಳ್ಳಿರಿ ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದಳೋ.

ಸಿಟ್ಟು ಯಾರ ಮೇಲೆ ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಧನರಾಜನ ಮೇಲೆ ಮಾಡೋಣವೆಂದರೆ ಅವನು ಆಗಲೇ ಮೋರೆ ಸಣ್ಣದು ಮಾಡಿಕೊಂಡಿದ್ದ. ಫೋನಿನಲ್ಲಿ ಹದಿನೈದು ಎನ್ನುವಾಗ ತನ್ನ ತಲೆಯಲ್ಲೂ ಗುರುವಾರವೇ ಇತ್ತು ಎಂದು ಒಪ್ಪಿಕೊಂಡುಬಿಟ್ಟಿದ್ದ. ಬಸ್ ಸ್ಟ್ಯಾಂಡಿನ ಎದುರಿಗಿನ ಈ ಅಂಗಡಿಯಲ್ಲಿ ಅವನು ಮಾರುತ್ತಿದ್ದುದು ಪುಣೆ, ಹೈದರಾಬಾದಿನ ರಾತ್ರಿ ಬಸ್ಸಿನ ಸೀಟು, ವರ್ಷಕ್ಕೆ ನಾಲ್ಕಾರು ದುಬೈ ಟಿಕೆಟು. ಹಡಗಿನ ಟಿಕೆಟು ಇದೇ ಮೊದಲು. ಆ ಖುಷಿಗೆ ಬೋರ್ಡಿನ ಮೂಲೆಯಲ್ಲಿ ಒಂದು ಬಿಳಿ ಹಡಗು ಬರೆಸಿದ್ದ. ಬರೆದವನು ಹಡಗು ನೋಡಿರಲಿಲ್ಲ, ಅದಕ್ಕೆ ಬಸ್ಸಿನಂಥ ಕಿಟಕಿಗಳಿದ್ದವು.

ಹಡಗಿನ ಮಾತು ಶುರುವಾದದ್ದು ದುಬಲಗುಂಡಿಯ ಶಾಲೆಯಲ್ಲಿ. ಸೂಗಮ್ಮ ಅಲ್ಲಿ ಗಣಿತ ಹೇಳುತ್ತಿದ್ದಳು, ದ್ರೌಪತಿ ಭೂಗೋಳ. ಒಮ್ಮೆ ದ್ರೌಪತಿ ನಕಾಶೆಯ ಮೇಲೆ ಕೋಲು ಇಟ್ಟು ಬಂದರುಗಳ ಹೆಸರು ಹೇಳುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, ಟೀಚರ್ ನೀವು ಸಮುದ್ರ ನೋಡೀರೇನ್ರಿ ಎಂದು ಕೇಳಿದ್ದಳು. ದ್ರೌಪತಿ ಇಲ್ಲ ಎಂದಿದ್ದಳು. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಸೂಗಮ್ಮನಿಗೂ ಅದು ಕೇಳಿಸಿತ್ತು. ಸಂಜೆ ಬಸ್ಸು ಕಾಯುವಾಗ ದ್ರೌಪತಿ, “ಅಕ್ಕ, ರಿಟೈರ್ ಆದಮ್ಯಾಲ ನೋಡಾಕ ಹೋಗೂಣು. ದಂಡಿಗಿ ನಿಂತು ಕಾಲು ತೋಯಿಸಿಕೊಂಡು ಬರೂದಲ್ಲ ಮತ್ತ. ನಡುವ ಹೋಗಿ, ಸುತ್ತಾ ಎಲ್ಲೂ ನೆಲ ಕಾಣಬಾರದು,” ಎಂದಿದ್ದಳು. ಆಮೇಲೆ ಹನ್ನೆರಡು ವರ್ಷ ಅದನ್ನು ಇಬ್ಬರೂ ಮರೆಯಲಿಲ್ಲ.

ಮುಂಬೈಯಿಂದ ಲಕ್ಷದ್ವೀಪದವರೆಗೆ ಹೋಗಿ ಬರುವ ಹಡಗು, ನಾಲ್ಕು ರಾತ್ರಿ. ಟಿಕೆಟಿನ ಜೊತೆ ಕೊರಿಯರಿನಲ್ಲಿ ಸಾಮಾನಿಗೆ ಕಟ್ಟುವ ಎರಡು ದಪ್ಪ ಚೀಟಿ ಬಂದಿದ್ದವು, ನೀಲಿ ದಾರದವು, ಹೆಸರೂ ಕೋಣೆಯ ನಂಬರೂ ಬರೆದವು. ದ್ರೌಪತಿ ಅವತ್ತೇ ಹೊಸ ಬ್ಯಾಗು ತಂದು ಅದರ ಹಿಡಿಕೆಗೆ ತನ್ನ ಚೀಟಿ ಕಟ್ಟಿದ್ದಳು. ಮಂಗಳವಾರ ಬೆಳಿಗ್ಗೆ ಅವಳ ಗಂಡ ವೈಜಿನಾಥ ತೊಗರಿ ಹೊಲದ ಬದುವಿನ ಮೇಲೆ ಕಾಲು ಜಾರಿ ಬಿದ್ದು ಮೊಣಕಾಲಿನ ಕೆಳಗೆ ಎಲುಬು ಮುರಿದುಕೊಂಡ. ಅವಸರದಲ್ಲಿ ಕೈಗೆ ಸಿಕ್ಕಿದ್ದು ಅದೇ ಬ್ಯಾಗು. ಈಗ ಅದರಲ್ಲಿ ಅವನ ಎರಡು ಧೋತರ, ಟಾವೆಲು, ಒಂದು ಹಿತ್ತಾಳೆ ಬಟ್ಟಲು ಇದ್ದವು. ಆರು ವಾರ ಪ್ಲಾಸ್ಟರು. ಮಗಳು ಸುಮೇಧಾ ತುಂಬು ಬಸುರಿ, ಅವಳು ಬರುವ ಹಾಗಿರಲಿಲ್ಲ. ನೀ ಒಬ್ಬಾಕೇ ಹೋಗಿ ಬಾ ಎಂದು ದ್ರೌಪತಿ ಹೇಳಿದಾಗ ಸೂಗಮ್ಮ, “ಒಬ್ಬಾಕಿ ನೋಡಿ ಬಂದು ನಿನ್ನ ಮುಂದ ಏನಂತ ಹೇಳ್ಲಿ?” ಎಂದು ಮಾತು ಮುಗಿಸಿದ್ದಳು. ಜನವರಿ ಹನ್ನೊಂದರ ಹಡಗಿನಲ್ಲಿ ಜಾಗವಿತ್ತು. ತಾರೀಖು ಬದಲಾದರೆ ಆಯಿತು. ಬದಲಾಗದೆ ಟಿಕೆಟು ರದ್ದಾದರೆ ಅರ್ಧ ಹಣ ಕಂಪನಿಗೆ. ದ್ರೌಪತಿಯ ಕೈಯಲ್ಲಿ ಉಳಿದದ್ದು ದವಾಖಾನೆಗೆ ಹೋಗಿತ್ತು, ಮತ್ತೊಂದು ಸಲ ಟಿಕೆಟು ಕೊಳ್ಳುವುದು ಅವಳಿಂದ ಆಗುವ ಮಾತಲ್ಲ. ಸೂಗಮ್ಮ ಕೊಟ್ಟರೆ ಅವಳು ತೆಗೆದುಕೊಳ್ಳುವವಳೂ ಅಲ್ಲ. ಸಮುದ್ರ ಅಲ್ಲಿಗೆ ಮುಗಿದಂತೆ.

ಧನರಾಜನ ಫೋನಿನಿಂದ ಮುಂಬೈಗೆ ಲೈನು ಹೋಗುತ್ತಿರಲಿಲ್ಲ. ಅವನು ಅವಳನ್ನು ಪಕ್ಕದ ಬಿಸ್ಮಿಲ್ಲಾ ಬೀಯ ಎಸ್‌ಟಿಡಿ ಅಂಗಡಿಗೆ ಕರೆದುಕೊಂಡು ಹೋದ. ಮೊದಲ ಸಲ ಬರೀ ಸಂಗೀತ ಬಂತು. ಎರಡನೆಯ ಸಲ ಒಂದು ಒತ್ತಿರಿ, ಎರಡು ಒತ್ತಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದ ಧ್ವನಿ, ಒತ್ತಿದ ಮೇಲೆ ಮತ್ತೆ ಅದೇ ಸಂಗೀತಕ್ಕೆ ಒಪ್ಪಿಸಿ ಹೋಯಿತು. ಮೂರನೆಯ ಸಲ ಸಿಕ್ಕ ಗಂಡಸು, ಟಿಕೆಟಿನ ಹಿಂದೆ ಎಲ್ಲ ಬರೆದಿದೆ, ಓದಿಕೊಳ್ಳಿ ಎಂದು ಇಟ್ಟುಬಿಟ್ಟ. ಓದಿಯೇ ಬಂದಿದ್ದೇನೆ ಎಂದು ಸೂಗಮ್ಮ ಸತ್ತ ಫೋನಿಗೆ ಹೇಳಿದಳು. ಗಾಜಿನ ಡಬ್ಬದಂಥ ಆ ಬೂತಿನಲ್ಲಿ ಸೆಕೆ. ಮೀಟರಿನ ಕೆಂಪು ಅಂಕಿಗಳು ಮಾತ್ರ ಸುಮ್ಮನೆ ಓಡುತ್ತಿದ್ದವು. ಮಾತಾಡದೆ ಕಾದದ್ದಕ್ಕೂ ದುಡ್ಡು.

ಬಿಸ್ಮಿಲ್ಲಾ ಬೀ ತಾನು ಕೂತಿದ್ದ ಕುರ್ಚಿಯನ್ನು ಬೂತಿನೊಳಗೆ ತಳ್ಳಿ, ಬಾಗಿಲಿಗೆ ಒಂದು ಕಲ್ಲು ಒರಗಿಸಿ ತೆರೆದಿಟ್ಟಳು. ತಾನು ಕೌಂಟರಿನ ಹಿಂದೆ ನಿಂತೇ ಇದ್ದಳು.

“ಎಷ್ಟ ದಿನದ್ದು ತಕರಾರು ಟೀಚರ್?” ಎಂದು ಕೇಳಿದಳು.

ಸೂಗಮ್ಮ ಹೇಳಿದಳು.

“ಹಾಯ್ ಅಲ್ಲಾ. ನಮ್ದಾಗೂ ಆಠ್ ರೋಜ್, ಎಂಟು ದಿನ ಅಂದ್ರ ಹಫ್ತಾನೇರಿ. ಶುಕ್ರವಾರ ಜುಮ್ಮಾಕ್ಕ ಹೋದಾಂವ ಮತ್ತ ಜುಮ್ಮಾಕ್ಕ ಬರ್ತಾನ. ಎಲ್ಲಾರ್ದೂ ಹಂಗೇ ಅದ. ಇವ್ರು ಯಾವ ಮುಲ್ಕಿನಾವ್ರು?”

ಸೂಗಮ್ಮ ನಾಲ್ಕನೆಯ ಸಲ ನಂಬರು ಒತ್ತಿದಳು. ಈ ಸಲ ಒಂದು ಹುಡುಗಿ ಸಿಕ್ಕಳು, ಹೆಸರು ಮನೀಷಾ ಎಂದಳು. ಹಿಂದಿಯಲ್ಲಿ ವಿನಯವಾಗಿಯೇ ಎಲ್ಲ ಕೇಳಿಕೊಂಡು, ವಿನಯವಾಗಿಯೇ ಅದೇ ಮಾತು ಹೇಳಿದಳು. ಹದಿನಾಲ್ಕು ದಿನ ಉಳಿದಿವೆ, ಪುಕ್ಕಟೆ ಬದಲಾವಣೆಗೆ ನಿನ್ನೆಯೇ ಕೊನೆ. ಸೂಗಮ್ಮ ಮುರಿದ ಕಾಲಿನ ಸಂಗತಿ ಹೇಳಿದಳು. ಹುಡುಗಿ ಸಾರಿ ಎಂದಳು. ಆ ಸಾರಿಯಲ್ಲಿ ಎಲ್ಲೋ ಮರಾಠಿಯ ರಾಗವಿತ್ತು. ಸೂಗಮ್ಮನ ತವರು ಮರಾಠಿ ಸೀಮೆಯ ಉಮರ್ಗಾದ ಕಡೆ. ಅವಳು ತಡೆದು, ತಾಯಿಯ ಮನೆಯ ಮರಾಠಿಯಲ್ಲಿ ಒಂದು ಮಾತು ಕೇಳಲೇ ಎಂದಳು. ಕೇಳಿ ಎಂದು ಆ ಕಡೆಯಿಂದಲೂ ಮರಾಠಿ ಬಂತು.

“ನಿನ್ನ ಆಯಿ ಇವತ್ತು ಊರಿಗೆ ಹೊರಟಾಳ ಅಂತ ತಿಳ್ಕೊ. ಹದಿನೈದು ದಿನಕ್ಕ ಬರ್ತೀನಿ ಅಂತ ಹೇಳಿ ಹೋಗ್ಯಾಳ. ನೀ ಯಾವ ವಾರ ದಾರಿ ನೋಡ್ತೀ?”

“ಗುರುವಾರಿ,” ಎಂದಳು ಹುಡುಗಿ. ಯೋಚಿಸದೆ ಹೇಳಿದಳು.

ಕೆಂಪು ಅಂಕಿ ಏಳು ಸಲ ಬದಲಾಯಿತು. ಕೊನೆಗೆ ಹುಡುಗಿ ಸಣ್ಣಗೆ ನಕ್ಕು, ಕೂಡಲೇ ನಗು ತಡೆದುಕೊಂಡು, ಫೋನು ಇಡಬೇಡಿ, ಒಳಗೆ ಕೇಳಿ ಬರುತ್ತೇನೆ ಎಂದಳು. ಮತ್ತೆ ಸಂಗೀತ. ಸೂಗಮ್ಮ ಬೇಕೆಂದೇ ಮೀಟರಿಗೆ ಬೆನ್ನು ಮಾಡಿ ಕೂತಳು.

ಬಂದ ಉತ್ತರ ಅವಳು ಬಯಸಿದ್ದಲ್ಲ. ಕಂಪ್ಯೂಟರು ತಾರೀಖು ಬದಲಿಸಲು ಬಿಡುವುದಿಲ್ಲ. ಆದರೆ ಐದು ಗಂಟೆಯ ಒಳಗೆ ಒಂದು ಅರ್ಜಿ, ಜೊತೆಗೆ ಡಾಕ್ಟರರ ಚೀಟಿ ಫ್ಯಾಕ್ಸ್ ಮಾಡಿದರೆ ತಾನೇ ಅದನ್ನು ಸಾಹೇಬರ ಮುಂದೆ ಇಡುತ್ತೇನೆ, ಅವರು ಏನನ್ನುತ್ತಾರೋ ಗೊತ್ತಿಲ್ಲ ಎಂದಳು. ಅಲ್ಲಿಯವರೆಗೆ ಟಿಕೆಟನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ. ಫ್ಯಾಕ್ಸಿನ ನಂಬರು ಹೇಳಿದ ಮೇಲೆ, ಮೇಲ್ಗಡೆ ನನ್ನ ಹೆಸರು ದೊಡ್ಡದಾಗಿ ಬರೆಯಿರಿ, ಇಲ್ಲವಾದರೆ ಬೇರೆಯವರ ಮೇಜಿಗೆ ಹೋಗುತ್ತದೆ ಎಂದಳು. ಆಗ ಮೂರೂ ಮುಕ್ಕಾಲು.

ಧನರಾಜ ಸ್ಕೂಟರು ತೆಗೆದುಕೊಂಡು ದವಾಖಾನೆಗೆ ಹೋದ. ಬಿಸ್ಮಿಲ್ಲಾ ಬೀ ಝೆರಾಕ್ಸ್ ಮಷೀನಿನಿಂದ ನಾಲ್ಕು ಹಾಳೆ ಎಳೆದುಕೊಟ್ಟಳು. ಸೂಗಮ್ಮ ಇಂಗ್ಲಿಷಿನಲ್ಲಿ ಬರೆಯಲು ಕೂತಳು. ಮೊದಲನೆಯ ಹಾಳೆ ಬರೀ ಸಿಟ್ಟಾಯಿತು. ಅದರಲ್ಲಿ ಅನ್ಯಾಯ ಎಂಬ ಶಬ್ದ ಮೂರು ಕಡೆ ಬಂದಿತ್ತು. ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಎರಡನೆಯ ಹಾಳೆಯಲ್ಲಿ, ನಮ್ಮ ಕಡೆ ಗುರುವಾರದಿಂದ ಗುರುವಾರಕ್ಕೆ ಎಂಟು ದಿನವೆನ್ನುತ್ತೇವೆ, ನಾವು ತಡ ಮಾಡಲಿಲ್ಲ, ಸರಿಯಾದ ದಿನವೆಂದು ತಿಳಿದೇ ಬಂದೆವು ಎಂದು ಬರೆದಳು. ಹೇಳಿದ್ದು ಸಾಲದೆನ್ನಿಸಿ, ಕರಿಹಲಗೆಯ ಮೇಲೆ ಬರೆದಂತೆ ಹದಿನಾರರಿಂದ ಮೂವತ್ತರವರೆಗೆ ತಾರೀಖುಗಳನ್ನು ಸಾಲಾಗಿ ಬರೆದು, ಒಂದೊಂದರ ಕೆಳಗೂ ಒಂದರಿಂದ ಹದಿನೈದು ಅಂಕಿ ಹಾಕಿದಳು. ಅಡಿಗೆರೆಗೆ ಬಿಸ್ಮಿಲ್ಲಾ ಬೀ ಬೀಡಿ ಕಟ್ಟಿನಷ್ಟೇ ಉದ್ದದ ಒಂದು ಸ್ಕೇಲು ಹುಡುಕಿಕೊಟ್ಟಳು.

ಧನರಾಜ ಚೀಟಿ ತಂದಾಗ ನಾಲ್ಕೂ ಇಪ್ಪತ್ತು. ಬಿಸ್ಮಿಲ್ಲಾ ಬೀ ಹಾಳೆಗಳನ್ನು ಮಷೀನಿಗೆ ಕೊಟ್ಟು ನಂಬರು ಒತ್ತಿದಳು. ಅದು ಅರ್ಧ ಹಾಳೆ ನುಂಗಿತು. ಕರೆಂಟು ಹೋಯಿತು.

“ಆರಕ್ಕ ಬರ್ತದ,” ಎಂದ ಧನರಾಜ, ನೆಲ ನೋಡುತ್ತ. ಬೇಸಿಗೆಯೋ ಚಳಿಗಾಲವೋ, ಕರೆಂಟಿನ ಲೆಕ್ಕ ಮಾತ್ರ ಈ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ.

ಸೂಗಮ್ಮ ಪರ್ಸಿನ ಜಿಪ್ಪು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅಳು ಬರುವಷ್ಟು ಸಿಟ್ಟು ಅವಳಿಗೆ ಬಹಳ ವರ್ಷಗಳಿಂದ ಬಂದಿರಲಿಲ್ಲ.

ಎದುರಿಗೆ ಮಹೆಬೂಬನ ಜ್ಯೂಸ್ ಅಂಗಡಿಯಲ್ಲಿ ಜನರೇಟರು ಗುಡುಗುಡು ಶುರುವಾಯಿತು. ಬಿಸ್ಮಿಲ್ಲಾ ಬೀ ರಸ್ತೆ ದಾಟಿ ಹೋಗಿ ಏನೋ ಹೇಳಿದಳು. ಮಹೆಬೂಬ ತಲೆ ಅಲ್ಲಾಡಿಸಿ ತನ್ನ ಸಣ್ಣ ಜನರೇಟರನ್ನು ತೋರಿಸಿದ, ಫ್ರಿಜ್ಜನ್ನು ತೋರಿಸಿದ, ಕಾಯುತ್ತಿದ್ದ ಗಿರಾಕಿಗಳನ್ನು ತೋರಿಸಿದ. ಅವಳು ಮತ್ತೆ ಏನೋ ಹೇಳಿ ಈ ಕಡೆ ಕೈ ಮಾಡಿದಳು. ಅವನು ಒಂದು ಕ್ಷಣ ಕುರ್ಚಿಯಲ್ಲಿ ಕೂತಿದ್ದ ಸೂಗಮ್ಮನನ್ನು ನೋಡಿದ. ಆಮೇಲೆ ಫ್ರಿಜ್ಜಿನ ಪ್ಲಗ್ಗು ಕಿತ್ತ, ಮಿಕ್ಸರಿನದೂ ಕಿತ್ತ. ಗಿರಾಕಿಗಳಿಗೆ ಹತ್ತು ನಿಮಿಷ ಎಂದು ಬೆರಳು ತೋರಿಸಿದ. ಧನರಾಜ ಮತ್ತು ಅವನು ಕೂಡಿ ಫ್ಯಾಕ್ಸ್ ಮಷೀನನ್ನು ಎತ್ತಿ ಮೋಸಂಬಿಗಳ ನಡುವೆ ಇಟ್ಟರು. ಫೋನಿನ ತಂತಿ ರಸ್ತೆಯ ಮೇಲೆ ಹಾಯ್ದು ಬರಬೇಕಾಯಿತು. ಆಟೋಗಳು ಅದರ ಮೇಲೆ ಹಾಯಬಾರದೆಂದು ಬಿಸ್ಮಿಲ್ಲಾ ಬೀ ನಡುರಸ್ತೆಯಲ್ಲಿ ಕೈ ಅಗಲಿಸಿ ನಿಂತಳು. ಮೊದಲ ಸಲ ಲೈನು ಬ್ಯುಸಿ. ಎರಡನೆಯ ಸಲ ಹಾಳೆ ಸಿಕ್ಕಿಕೊಂಡಿತು. ಮೂರನೆಯ ಸಲ ಎರಡೂ ಹಾಳೆ ಒಳಗೆ ಹೋಗಿ ಹೊರಗೆ ಬಂದವು, ಹಿಂದೆಯೇ ಒಂದು ಸಣ್ಣ ಚೀಟಿ. ನಾಲ್ಕು ಐವತ್ತೆರಡು, ಓಕೆ.

ಸೂಗಮ್ಮ ಬೂತಿಗೆ ಬಂದು ಮನೀಷಾಗೆ ಫೋನು ಮಾಡಿದಳು. ಬಂದಿದೆ ಎಂದಳು ಹುಡುಗಿ. ಅಂಕಿಗಳನ್ನೂ ನೋಡಿದೆ, ಚೆನ್ನಾಗಿ ಬರೆದಿದ್ದೀರಿ ಎಂದಳು. ಯಾವಾಗ ತಿಳಿಸುತ್ತೀರೆಂದು ಕೇಳಿದ್ದಕ್ಕೆ ಒಂದು ಮಾತು ಹೇಳಿದಳು. ದುಡ್ಡು ಕೊಡುವಾಗ ಬಿಸ್ಮಿಲ್ಲಾ ಬೀ ಫೋನಿನದಷ್ಟೇ ತೆಗೆದುಕೊಂಡಳು, ಫ್ಯಾಕ್ಸಿನದು ಕೆಲಸ ಆದ ಮೇಲೆ ಕೊಡ್ರಿ ಎಂದಳು.

ದವಾಖಾನೆಯಲ್ಲೂ ಕರೆಂಟಿರಲಿಲ್ಲ. ವೈಜಿನಾಥ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ದ್ರೌಪತಿ ಸ್ಟೂಲಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಸೂಗಮ್ಮ ಮಂಚದ ಅಂಚಿಗೆ ಕೂತು ನೀರು ಕುಡಿದು, ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದಳು. ಹದಿನಾಲ್ಕರ ಸಂಗತಿ ಬಂದಾಗ ದ್ರೌಪತಿ ತಾನೂ ಬೆರಳು ಮಡಚತೊಡಗಿದಳು.

“ನೋಡ್ರಿ ಅಕ್ಕೋರ,” ಎಂದ ವೈಜಿನಾಥ, “ನಾ ಒಂದ್ ದಿನ ಮೊದಲ ಬಿದ್ದಿದ್ರ ಎಲ್ಲಾ ಸುದ್ದ ಇರ್ತಿತ್ತು.”

“ನೀವು ಸುಮ್ಮ ಮಲಗ್ರಿ,” ಎಂದಳು ದ್ರೌಪತಿ. ಆಮೇಲೆ ಸೂಗಮ್ಮನ ಕಡೆ ತಿರುಗಿ, “ಯಾವಾಗ ಹೇಳ್ತಾರಂತ?”

“ಎಂಟು ದಿನದಾಗ.”

ದ್ರೌಪತಿ ಮಡಚಿದ್ದ ಬೆರಳುಗಳನ್ನು ಬಿಚ್ಚಿದಳು. “ಯಾರ ಎಂಟು ದಿನ, ಅಕ್ಕ? ನಮ್ದೋ, ಕಂಪ್ಯೂಟರಿಂದೋ?”

“ನಮ್ದು. ಆ ಹುಡುಗಿ ಮರಾಠಿಯೊಳಗ ಹೇಳ್ಯಾಳ.”

“ಹಂಗಾದ್ರ ಗುರುವಾರ.”

“ಗುರುವಾರ.”

ಓಣಿಯ ತುದಿಯಿಂದ ಮಕ್ಕಳ ಕೂಗು ಕೇಳಿಸಿತು. ಕರೆಂಟು ಹೊತ್ತಿಗೆ ಮೊದಲೇ ಬಂದಿತ್ತು. ಮೇಲಿನ ಫ್ಯಾನು ಒಮ್ಮೆ ಕಿರ್ರೆಂದು ನಿಧಾನವಾಗಿ ತಿರುಗಿತು. ಮಂಚದ ಕೆಳಗೆ, ಧೋತರ ಟಾವೆಲು ತುಂಬಿದ್ದ ಹೊಸ ಬ್ಯಾಗಿನ ಹಿಡಿಕೆಯಲ್ಲಿ ನೀಲಿ ದಾರದ ಚೀಟಿ ಅಲ್ಲಾಡತೊಡಗಿತು. ದ್ರೌಪತಿ ಬಗ್ಗಿ, ಬಟ್ಟಲು ತೆಗೆದು ಮೇಲಿಟ್ಟು, ಸಡಿಲಾಗಿದ್ದ ಚೀಟಿಯ ಗಂಟನ್ನು ಮತ್ತೊಮ್ಮೆ ಬಿಗಿದಳು.